ಅವ್ವ ಪೋಣಿಸಿಕೊಟ್ಟ ಗಾಳಗಳು

ಅವ್ವಾ,

ಕಿಂಗ್ಸ್‌ಬರಿಯ ಮನೆಯಿಂದ ನಿನ್ನ ಗಂಗಾ ಬರೆಯುತ್ತಿದ್ದೇನೆ. ನೀನಿದ್ದಾಗ ಒಂದೇ ಸೂರಿನಡಿ ಇದ್ದೆವು, ಪತ್ರ ಬರೆಯುವ ಪ್ರಸಂಗವೇ ಬರಲಿಲ್ಲ. ನೀನು ಹೋಗಿ ಒಂದು ಬೇಸಿಗೆ ಕಳೆದ ಮೇಲೆ ಈಗ ಬರೆಯುತ್ತಿದ್ದೇನೆ, ಅದೂ ಒಂದು ಮೀನಿನ ಸಲುವಾಗಿ. ನಗಬೇಡ. ಪಕ್ಕದ ಮನೆಯ ರಾನ್ ಮೊನ್ನೆ ಕೆನಡಾದಿಂದ ಬಂದರು. ಅವರು ತಂದ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ? ನಿನ್ನ ಅಳಿಯನಿಗೆ ಹೇಳಲು ಹೋದರೆ, ಮೀನು ಸಿಕ್ಕಿತೋ ಇಲ್ಲವೋ ಅಷ್ಟು ಹೇಳು ಅಂದರು. ಅಷ್ಟರಲ್ಲಿ ಮುಗಿಯುವ ಸುದ್ದಿಯಾಗಿದ್ದರೆ ನಾನು ಪೆನ್ನು ಹಿಡಿಯುತ್ತಿದ್ದೆನೇ?

ಅಪ್ಪ ತೀರಿಕೊಂಡ ಮೇಲೆ ನಿನ್ನನ್ನು ಧಾರವಾಡದಿಂದ ಈ ಪರದೇಶಕ್ಕೆ ಕರೆತಂದ ಹೊಸದರಲ್ಲಿ ನೀನು ದಿನವಿಡೀ ಅಡಿಗೆಮನೆಯ ಕಿಟಕಿಯ ಹತ್ತಿರ ಕೂತಿರುತ್ತಿದ್ದೆ. ಬೇಲಿಯಾಚೆ ರಾನ್ ಅವರ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಬಣ್ಣ ಬಳಿದ ಮರದ ಮೀನುಗಳು ಸಾಲಾಗಿ ತೂಗಾಡುತ್ತಿದ್ದವು. "ಅವರ ಮನ್ಯಾಗ ಬಾಣಂತಿ ಅದಾಳೇನ?" ಎಂದು ಕೇಳಿದೆ ನೀನು. ನಮ್ಮ ಕಡೆ ತೊಟ್ಟಿಲಿಗೆ ಮರದ ಗಿಳಿ, ಮೀನು ಕಟ್ಟುತ್ತಾರಲ್ಲ, ಅದೇ ಅಂದುಕೊಂಡಿದ್ದೆ. ನಾನು ಕೆಲಸಕ್ಕೆ ಹೊರಟ ಅವಸರದಲ್ಲಿ ಏನೋ ಹೂಂ ಅಂದಿರಬೇಕು. ಸಂಜೆ ಬಂದು ನೋಡಿದರೆ ಮನೆಯೆಲ್ಲ ತುಪ್ಪದ ವಾಸನೆ. ಊರಿಂದ ಹೊತ್ತು ತಂದ ಅಂಟು, ಉತ್ತತ್ತಿ, ಕೊಬ್ಬರಿ ಎಲ್ಲ ಹಾಕಿ ಬಾಣಂತಿಗೆಂದು ಅಂಟಿನುಂಡಿ ಕಟ್ಟಿ, ತಲೆ ತುಂಬ ಸೆರಗು ಹೊದ್ದು, ನೀನೇ ಹೋಗಿ ಕೊಟ್ಟು ಬಂದಿದ್ದೆ! ಅರವತ್ತು ದಾಟಿದ, ಮದುವೆಯನ್ನೇ ಆಗದ ಮನುಷ್ಯ ಬಾಗಿಲಲ್ಲೇ ನಿಂತು ಎರಡು ಉಂಡಿ ತಿಂದು ಹೆಬ್ಬೆರಳು ಎತ್ತಿದರಂತೆ. ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡರೆ, "ತಿಂದ್ನಲ್ಲ, ಸಾಕು ಬಿಡು" ಅಂದೆ.

ಮರುವಾರ ಡಬ್ಬಿ ತರಲು ಹೋದಾಗ ಆ ಮೀನುಗಳಿಗೆ ಗಾಳ ಹಾಕುವುದನ್ನು ನೋಡಿ ನಿನ್ನ ಮುಖ ಕಪ್ಪಿಟ್ಟಿತು. ಅವು ಕೆನಡಾದ ಕೆರೆಗಳಲ್ಲಿರುವ ಮಸ್ಕಿ ಎಂಬ ದೊಡ್ಡ ಮೀನನ್ನು ಹಿಡಿಯಲು ಮಾಡಿದ್ದವು. "ಮಸ್ಕಿ ನಮ್ಮ ರಾಯಚೂರ ಕಡೀದಲ್ಲೇನ?" ಎಂದು ಒಂದು ಸಲ ಕೇಳಿ, ಆಮೇಲೆ ಶಿವ ಶಿವ ಅನ್ನುತ್ತ ಎದ್ದು ಬಂದುಬಿಟ್ಟೆ. ಆದರೂ ಕಿಟಕಿ ಬಿಡಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದ ರಾನ್ ಅವರ ಕೈಗಳು ಆಗಲೇ ನಡುಗಲು ಶುರುವಾಗಿದ್ದವು. ಮರದ ಮೀನಿನ ಹೊಟ್ಟೆಯಡಿ ಕೀಲಿ ಗೊಂಚಲಿನ ಉಂಗುರದಂಥ ಪುಟ್ಟ ಉಂಗುರ, ಅದರ ಸಂದು ಬಿಡಿಸಿ ಮೂರು ಮೊನೆಯ ಗಾಳ ತೂರಿಸಬೇಕು. ತೂರಿಸಲು ಹೋಗಿ ಅವರು ಬೆರಳು ಚುಚ್ಚಿಕೊಳ್ಳುವುದು, ರಕ್ತ ಚೀಪುವುದು, ಮತ್ತೆ ಶುರು ಮಾಡುವುದು. ನಿನಗೆ ನೋಡಲೂ ಆಗುತ್ತಿರಲಿಲ್ಲ, ನೋಡದೆ ಇರಲೂ...

ಒಂದು ಶನಿವಾರ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದೆ. "ಹಿಡದ ಮೀನಾ ತಿಂತಾನೇನ, ಕೇಳು." ಕೇಳಿದೆ. ಇಲ್ಲ, ನೋಡಿ ಮತ್ತೆ ನೀರಿಗೆ ಬಿಡುತ್ತೇವೆ ಅಂದರು. ಅವರಿಗೆ ಒಳ್ಳೆಯ ಸುದ್ದಿ ಹೇಳಿದ ಸಮಾಧಾನ. ನೀನು ಬಿಡಬೇಕಲ್ಲ! "ತಿನ್ನೂದಿಲ್ಲ ಅಂದ ಮ್ಯಾಲೆ ಪಾಪ ಅದರ ಬಾಯಿ ಯಾಕ ಹರೀಬೇಕು?" ನಾನು ನಾಲಿಗೆ ಕಚ್ಚಿಕೊಂಡು ಇಂಗ್ಲಿಷಿಗೆ ತಿರುಗಿಸಿದೆ. ರಾನ್ ಕೈಯಲ್ಲಿದ್ದ ಗಾಳವನ್ನು ಮೇಜಿನ ಮೇಲಿಟ್ಟರು. ಆಮೇಲೆ ತಮ್ಮನ ಮಾತೆತ್ತಿದರು. ಅವನು ಹರೆಯದಲ್ಲೇ ಕೆನಡಾಕ್ಕೆ ಹೋದವನು. ಫೋನಿನಲ್ಲಿ ಹವೆ ಹೇಗಿದೆ ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತೇ ಸಿಗುವುದಿಲ್ಲ. ದೋಣಿಯಲ್ಲಿ ಕೂತು ಮೀನಿಗೆ ಕಾಯುವಾಗ ಮಾತ್ರ ಅಣ್ಣತಮ್ಮ ಆಗುತ್ತೇವೆ ಅಂದರು. ಒಮ್ಮೆ ಒಂದು ಭಾರೀ ಮಸ್ಕಿ ಮೀನು ದೋಣಿಯ ತನಕ ಹಿಂಬಾಲಿಸಿ ಬಂದು, ಇಬ್ಬರನ್ನೂ ನೋಡಿ ತಿರುಗಿ ಹೋಯಿತಂತೆ. ಸಾಯುವುದರೊಳಗೆ ಅದನ್ನೊಮ್ಮೆ ಕೈಯಲ್ಲಿ ಹಿಡಿದು ತಮ್ಮನ ಪಕ್ಕ ನಿಲ್ಲಬೇಕು, ಅದೊಂದೇ ಆಸೆ.

ಅಷ್ಟು ಕೇಳಿದ ಮೇಲೆ ನೀನು ಮೇಜಿನ ಮೇಲಿದ್ದ ಗಾಳವೊಂದನ್ನು ಎತ್ತಿ, ಉಟ್ಟಿದ್ದ ಇಳಕಲ್ ಸೀರೆಯ ಸೆರಗಿಗೆ ಚುಚ್ಚಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಎಳೆದರೆ ಬರಲಿಲ್ಲ. ಮೊನೆಯ ಹಿಂದೆ ಉಲ್ಟಾ ಇರುವ ಸಣ್ಣ ಮುಳ್ಳು ಎಳೆಗಳನ್ನು ಹಿಡಿದು, ಬರುವಾಗ ಹರಿದುಕೊಂಡೇ ಬಂತು. "ನೋಡು, ಇದು ಅದರ ಬಾಯಿ" ಅಂದೆ. ಅದನ್ನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ. ರಾನ್ ಇಕ್ಕಳ ತೆಗೆದುಕೊಂಡು ಆ ಹಿಂಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ ಕೊಟ್ಟರು. ಮತ್ತೆ ಚುಚ್ಚಿದೆ. ಈ ಸಲ ಸರಕ್ಕನೆ ಬಂತು. ಕಸೂತಿ ಹಾಕಿ ಪಳಗಿದ ಕಣ್ಣು ನಿನ್ನದು, ಉಗುರಿನಿಂದ ಉಜ್ಜಿ ತೂತು ಮುಚ್ಚಿಕೊಂಡಿತೇ ಎಂದು ಬೆಳಕಿಗೆ ಹಿಡಿದು ನೋಡಿದೆ. "ಹಿಂಗಾದ್ರ ನಾ ಹಾಕಿ ಕೊಡ್ತೀನಿ. ಒಂದ ಮುಳ್ಳೂ ಉಳೀಬಾರದು. ಅವನ ಮಾತ ತಗೋ." ಹಾಗೆ ಮಾಡಿದರೆ ಮೀನು ತಲೆ ಒದರಿ ತಪ್ಪಿಸಿಕೊಳ್ಳಬಹುದು ಅಂದರು ರಾನ್. ನೀನು ಹರಿದ ಸೆರಗನ್ನು ಅವರ ಮುಂದೆ ಹಿಡಿದೆ. ಕೊನೆಗೆ ಅವರು ಕೈ ಚಾಚಿದರು, ನೀನು ಕೈ ಮುಗಿದೆ, ಅವರೂ ಇಕ್ಕಳ ಹಿಡಿದ ಕೈಯಲ್ಲೇ ಮುಗಿದರು. ನಾನು ಸಾಕ್ಷಿ.

ಆಮೇಲಿನ ವರ್ಷಗಳಲ್ಲಿ ನೀನು ಅವರ ಶೆಡ್ಡಿನಲ್ಲಿ ಕೂತದ್ದೇ ಹೆಚ್ಚು, ನಮ್ಮ ಹಾಲ್‌ನಲ್ಲಿ ಕೂತದ್ದು ಕಡಿಮೆ. ಆ ಮರದ ಮೀನು ನೀರಿನ ಮೇಲೆಯೇ ತೇಲಬೇಕು, ದಾರ ಜಗ್ಗಿದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸುತ್ತ ನಡೆಯಬೇಕು. ಹಾಗಾಗಲು ಬಾಲ ಒಂದಿಷ್ಟು ಇಳಿದಿರಬೇಕು. ಮುಂದಿನ ಗಾಳ ಭಾರವಾದರೆ ಕೆಟ್ಟಿತು. ಎರಡು ಗಾಳ ತೂಗಿದಾಗ ಒಂದಕ್ಕೊಂದು ಸಿಕ್ಕಿಕೊಂಡರೂ ಕೆಟ್ಟಿತು. ಹಿತ್ತಲಿನ ನೀರಿನ ಪೀಪಾಯಿಯಲ್ಲಿ ತೇಲಿಬಿಟ್ಟು, "ಮೂಗ ಮುಳಗಾಕತ್ತೈತಿ, ಮುಂದಿಂದು ಸಣ್ಣದ ಹಾಕೂಣು" ಎಂದು ನೀನು ಕನ್ನಡದಲ್ಲೇ ಹೇಳುವುದು, "ರೈಟ್ ಯು ಆರ್" ಎಂದು ಅವರು ಚಿಕ್ಕ ಗಾಳ ಹುಡುಕುವುದು. ನಾನು ದುಭಾಷಿ ಕೆಲಸಕ್ಕೆ ರಾಜೀನಾಮೆ ಕೊಟ್ಟೆ.

ಪಕ್ಕದ ಕೆಂಟನ್‌ನಲ್ಲಿ ಕನ್ನಡಿಗರ ಯುಗಾದಿ ಊಟಕ್ಕೆ ಹೋದಾಗ ಬೆಂಗಳೂರಿನ ಹುಡುಗಿಯೊಬ್ಬಳು, "ಇಲ್ಲಿ ಹೇಗೆ ಟೈಮ್ ಪಾಸ್ ಮಾಡ್ತೀರಾ ಆಂಟಿ?" ಎಂದು ಕೇಳಿದ್ದು ನೆನಪಿದೆಯೇ? "ಮೀನಿನ ಗಾಳ ಪೋಣಸ್ತೀನವಾ" ಅಂದೆ ನೀನು, ಹೋಳಿಗೆ ಮುರಿಯುತ್ತ. "ಅಯ್ಯೋ, ನೀವು ಪ್ಯೂರ್ ವೆಜ್ ಅಲ್ವಾ?" "ಹೌದಲ್ಲ, ಅದಕ್ಕ ಮುಳ್ಳ ತೆಗೀತೀನಿ." ನಾನು ಅವಳ ಮುಖ ನೋಡುವುದೋ ನಿನ್ನದೋ! ಸೋಮವಾರದ ಪೂಜೆಯಲ್ಲೂ ಹಾಗೆಯೇ. "ಈಶ್ವರಾ, ರಾನಪ್ಪಗ ಮೀನ ಸಿಗಲಿ, ಮೀನಿಗೂ ಏನೂ ಆಗಬಾರದು" ಎಂದು ದೀಪ ಹಚ್ಚುತ್ತಿದ್ದೆ. ದೇವರಿಗೂ ತಲೆ ಕೆಡುತ್ತದೆ, ಯಾವುದಾದರೂ ಒಂದು ಕೇಳು ಎಂದು ಗೇಲಿ ಮಾಡಿದರೆ, ಅದು ಅವನ ತಲೆನೋವು ಅನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ಕೊನೆಕೊನೆಗೆ ಮಾತು ನಿಂತು ನಿಂತು ಬರುತ್ತಿತ್ತು. ಮೊಮ್ಮಕ್ಕಳ ಹೆಸರು ಹೇಳಿದೆ, ತುಳಸಿಗೆ ನೀರು ಅಂದೆ, ಆಮೇಲೆ "ಆ ಕರಿ ಮೀನಿಗಿ ಹಿಂದಿನ ಗಾಳ..." ಎಂದು ಅರ್ಧಕ್ಕೇ ಬಿಟ್ಟೆ. ಮನೆಗೆ ಬಂದು ಹಾಕುವಿಯಂತೆ ಅಂದೆ ನಾನು. ನೀನು ಬರಲಿಲ್ಲ. ರಾನ್ ಒಂದು ಮಧ್ಯಾಹ್ನವೆಲ್ಲ ಶೆಡ್ಡಿನಲ್ಲಿ ಕೂತು, ಕರಿ ಬಣ್ಣ ಬಳಿದ ಆ ಮರದ ಮೀನಿಗೆ ಹಿಂದಿನ ಗಾಳವನ್ನು ತಾವೇ ಹಾಕಿದರು. ಬೇಲಿಯ ಮೇಲಿಂದ ನನ್ನನ್ನು ಕರೆದು, ಮೂರೂ ಮೊನೆಗಳ ಹಿಂದೆ ನನ್ನ ಬೆರಳು ಇಟ್ಟು ತೋರಿಸಿದರು. ನುಣ್ಣಗಿದ್ದವು. ನಾನು ಕೇಳಿರಲೇ ಇಲ್ಲ, ಅವ್ವಾ.

ಈಗ ಸುದ್ದಿ. ರಾನ್ ಅವರ ತಮ್ಮನಿಗೆ ಹೃದಯದ ತೊಂದರೆಯಂತೆ, ಇದೇ ಕೊನೆಯ ಸಲ ಎಂದು ಗೊತ್ತಿದ್ದೇ ಹೋಗಿದ್ದರು. ಹೊರಡುವ ಹಿಂದಿನ ದಿನದವರೆಗೂ ಒಂದು ಮೀನೂ ಬಾಯಿ ಹಾಕಲಿಲ್ಲ. ತಮ್ಮ ತನ್ನ ಪೆಟ್ಟಿಗೆ ತೆರೆದು, ಇವತ್ತಾದರೂ ಮುಳ್ಳಿರುವ ಸರಿಯಾದ ಗಾಳ ಹಾಕು, ಆ ಹೆಂಗಸು ಈಗ ಇಲ್ಲವಲ್ಲ ಅಂದನಂತೆ. ಅದಕ್ಕೆ ರಾನ್ ಹೇಳಿದ್ದನ್ನು ಅವರ ಬಾಯಿಂದಲೇ ಕೇಳಿಸಿಕೊಂಡೆ: "ಅವಳು ಇರೋವರೆಗೆ ಮಾತ್ರ ಅಂತ ನಾನು ಮಾತು ಕೊಟ್ಟಿರಲಿಲ್ಲ."

ಅಂದು ಮಧ್ಯಾಹ್ನ ಮಸ್ಕಿ ಬಂತು, ಅವ್ವಾ. ಆ ಕರಿ ಮರದ ಮೀನಿನ ಹಿಂದೆ ನೀರು ಉಬ್ಬಿ, ಒಡೆದು, ಗಾಳಕ್ಕೆ ಬಿತ್ತು. ದೋಣಿಯ ಪಕ್ಕಕ್ಕೆ ತಂದರು. ತಮ್ಮ ಬಲೆ ಎತ್ತಿಕೊಂಡ. ಇನ್ನೇನು ಒಂದು ತೋಳಿನ ದೂರ... ಮೀನು ಮೇಲೆದ್ದು ಒಮ್ಮೆ ತಲೆ ಒದರಿತು. ಗಾಳ ಸರಕ್ಕನೆ ಬಂದುಬಿಟ್ಟಿತು, ನಿನ್ನ ಸೆರಗಿನಿಂದ ಬಂದ ಹಾಗೆಯೇ. ಮೀನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಇಳಿಯಿತಂತೆ. ಇಷ್ಟು ಹೇಳಿ ರಾನ್ ಬೇಲಿ ಹಿಡಿದುಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ. ನೀನಿದ್ದರೆ ಏನು ಮಾಡುತ್ತಿದ್ದೆ? ಸಂತೋಷಪಡುತ್ತಿದ್ದೆಯೋ, ರಾನಪ್ಪಗ ಹಿಂಗ ಮಾಡಬಾರದಿತ್ತು ಎಂದು ಈಶ್ವರನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆಯೋ? ಜಗಳಕ್ಕೇ ನಿಲ್ಲುತ್ತಿದ್ದೆ, ನನಗೆ ಗೊತ್ತು.

ಇನ್ನು ಅವರು ಅಷ್ಟು ದೂರ ಹೋಗಲಾರರು. ಸಂಜೆಯಾದರೆ ಶೆಡ್ಡಿನ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಾರೆ. ಇವತ್ತು ನಿನ್ನ ಕುರ್ಚಿಯಲ್ಲಿ ಹೋಗಿ ನಾನು ಕೂತೆ. ಹೋಗು ಅನ್ನಲಿಲ್ಲ. ನಾಳೆಯೂ ಹೋಗುತ್ತೇನೆ. ನೀನು ದೇವರ ಹತ್ತಿರ ಎರಡು ಕೇಳಿದ್ದೆ, ಮೀನಿನ ಪಾಲನ್ನು ಅವನು ನಡೆಸಿಕೊಟ್ಟ. ರಾನಪ್ಪನ ಪಾಲು ನನ್ನ ಹೊಣೆಯಾಗಿರಲಿ.

ನಿನ್ನ
ಗಂಗಾ