ತಟ್ಟೆಗೆ ಎರಡು ಕೈ

ಜನವರಿ 4, ಬೆಳಿಗ್ಗೆ 6.30

ಅಪ್ಪನಿಗೆ ಬಿ.ಪಿ. ಮಾತ್ರೆ ಆಯಿತು. ಮೆಕ್ಕೆಜೋಳದ ಗಂಜಿ ಅರ್ಧ ಲೋಟ. ಉಳಿದದ್ದು ಎದೆಯ ಮೇಲೆ. ತೊಂಬತ್ತೊಂದು ವರ್ಷ, ಎರಡೂ ಕಣ್ಣು ಹೋಗಿವೆ, ಆದರೂ ನಾನು ಸಕ್ಕರೆ ಕಡಿಮೆ ಹಾಕಿದ್ದು ಮಾತ್ರ ತಕ್ಷಣ ಗೊತ್ತಾಗುತ್ತದೆ.

ತಮ್ಮ ಚಿಕೆಲುಬ ಲಾಗೋಸಿನಿಂದ ಬಂದಿದ್ದಾನೆ. ಜೊತೆಗೆ ಸಿಂಹದ ತಲೆಗಳ ಕಸೂತಿಯ ಕೋಟು, ಕೆಂಪು ಟೋಪಿ. ತಾನು ಊರಿನ ದೊರೆಯಾಗಿ, ಇಗ್ವೆ ಪಟ್ಟಕ್ಕೆ ಕೂರುವ ದಿನಕ್ಕಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಹಳೆಯ ಇಗ್ವೆ ತೀರಿಕೊಂಡು ವರ್ಷವಾಯಿತು. ಊರಿನ ಐದು ಹಳ್ಳಿಗಳಲ್ಲಿ ಪಟ್ಟ ಹಿರಿಯ ಹಳ್ಳಿಯಿಂದ ಕಿರಿಯ ಹಳ್ಳಿಗೆ ಇಳಿಯುತ್ತದೆ. ಮೂರರ ಸರದಿ ಮುಗಿದಿದೆ. ನಾಲ್ಕನೆಯದು ನಮ್ಮ ಉಮುದಾರವೋ, ಹೊಳೆಯಾಚೆಯ ಅಮಾಎಕೆಯೋ? ಮುತ್ತಜ್ಜನ ಕಾಲದ ಜಗಳ. ಸಭೆಯಲ್ಲಿ ಹರಸಿ ಒಡೆದು ಹಂಚುವ ಕೋಲಾ ಕಾಯಿಯ ತಟ್ಟೆ ಹಳ್ಳಿಗಳ ಹಿರಿತನ ನೋಡಿಕೊಂಡೇ ಹೋಗುತ್ತದೆ. ನಮ್ಮೆರಡು ಹಳ್ಳಿಗಳ ಹತ್ತಿರ ಬಂದಾಗ ಮಾತ್ರ ಎರಡು ಕೈ ಒಟ್ಟಿಗೇ ಬೀಳುತ್ತವೆ. ಮಕ್ಕಳಾಟ...

ಜನವರಿ 7

ಚಿಕೆಲುಬ ಅಪ್ಪನ ಮುಂದೆ ಕೂತ. "ಉಮುದಾರ ದೊಡ್ಡದು ಅಂತ ಒಂದು ಮಾತು ಹೇಳಪ್ಪ, ಸಾಕು. ಓಫೋ ಕೋಲು ಹಿಡಿದೋನು ನೀನು. ಯಾರು ಎದುರಾಡ್ತಾರೆ?"

"ಹಿಡಿದಿದೀನಲ್ಲ, ಅದೇ ತೊಂದ್ರೆ ಕಣೋ."

ಹಿರಿಯರಿಂದ ಬಂದ ಸತ್ಯದ ಕೋಲು ಅದು; ಹಿಡಿದು ಸುಳ್ಳಾಡಿದವನು ಮುಂದಿನ ಗೆಣಸಿನ ಹಬ್ಬ ಕಾಣುವುದಿಲ್ಲ. ನನಗೆ ಬಾಯಿ ತಡೆಯಲಿಲ್ಲ. "ಈ ವಯಸ್ಸಲ್ಲೂ ಸಾಯೋಕೆ ಹೆದರ್ತೀಯಾ ಅಪ್ಪ?"

"ಸಾಯೋಕಲ್ಲ ಉಜೋಮ. ಅಲ್ಲಿ ಹೋದ್ಮೇಲೆ ನಮ್ಮಜ್ಜ ಸಿಗ್ತಾನಲ್ಲ. ಅವನಿಗೆ ಏನಂತ ಹೇಳ್ಲಿ?"

ಆಮೇಲೆ ಅಪ್ಪ ಕೋಟು ಕೇಳಿದ. ಒಂದೊಂದೇ ಸಿಂಹವನ್ನು ಬೆರಳಲ್ಲಿ ಸವರಿದ. "ಚೆನ್ನಾಗಿದೆ ಮಗ. ನಿಂಗೆ ಒಪ್ಪುತ್ತೆ." ತಮ್ಮ ಗೆದ್ದವನ ಹಾಗೆ ನನ್ನನ್ನು ನೋಡಿದ. ನಾನೂ ಹಾಗೇ ಅಂದುಕೊಂಡೆ.

ಜನವರಿ 12, ಎಕೆ ಸಂತೆಯ ದಿನ, ಸಂಜೆ 4

ಈಗಷ್ಟೇ ಸಭೆಯಿಂದ ಬಂದೆವು.

ಧೂಳುಗಾಳಿ. ಐದೂ ಹಳ್ಳಿಯ ಜನ. ನಾನು ಹೆಣ್ಣುಮಕ್ಕಳ ಬೆಂಚಿನಲ್ಲಿ. ಅಪ್ಪ ಕೋಲಾ ಕಾಯಿಗೆ ಹರಸಿ ಒಡೆದ. ತಟ್ಟೆ ಹೊರಟಿತು — ಮೊದಲನೆಯ ಹಳ್ಳಿ, ಎರಡನೆಯದು, ಮೂರನೆಯದು. ನಮ್ಮೆರಡು ಹಳ್ಳಿಗಳ ಹಿರಿಯರ ಮುಂದೆ ನಿಂತಿತು. ಅಮಾಎಕೆಯ ಹಿರಿಯ ಇಕೆಗ್ವುಓನು ಕೈ ಚಾಚಿದ. ಎಪ್ಪತ್ತರ ಮನುಷ್ಯ, ಅಪ್ಪನ ಮುಂದೆ ಹುಡುಗ.

ಅಪ್ಪನ ಕೈ ಏಳಲಿಲ್ಲ.

ಗೊತ್ತಾಗಲಿಲ್ಲವೇನೋ ಅಂತ ಯಾರೋ ತಟ್ಟೆಯನ್ನು ಅವನ ಮೊಣಕಾಲಿಗೆ ತಾಗಿಸಿದರು. ಆಗಲೂ ಇಲ್ಲ. ಇಕೆಗ್ವುಓನುವಿನ ಕೈ ಗಾಳಿಯಲ್ಲೇ ನಿಂತಿತ್ತು. ಅಪ್ಪ ಓಫೋ ಕೋಲನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು ಅವನ ಕಡೆ ತಿರುಗಿದ.

"ತಗೋ ಅಣ್ಣ."

ಇಷ್ಟೇ. ಮಗನ ಪಟ್ಟ ಒಂದೇ ಮಾತಿಗೆ ಹೊಳೆ ದಾಟಿ ಹೋಯಿತು. ಇಕೆಗ್ವುಓನು ಎರಡೂ ಕೈಯಲ್ಲಿ ಚೂರು ತೆಗೆದುಕೊಂಡ, ಕಣ್ಣಲ್ಲಿ ನೀರು. ಆಮೇಲೆ ಅಪ್ಪ ತಗೊಂಡ. ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಚಪ್ಪರಿಸಿದ.

ದಿನಾ ನಾನೇ ಸ್ನಾನ ಮಾಡಿಸುವ ಮೈ ಅದು. ಇವತ್ತು ಕೈ ಹಿಡಿದು ಮನೆಗೆ ಕರೆತರಲು ನನಗೆ ಭಯವಾಯಿತು. ಇಷ್ಟು ದೊಡ್ಡವನು ನನ್ನ ಅಪ್ಪ ಅಂತ ಗೊತ್ತಿರಲಿಲ್ಲ.

ಜನವರಿ 15, ಬೆಳಿಗ್ಗೆ 7

ಮೂರು ದಿನ ಚಿಕೆಲುಬ ರೂಮಿನ ಬಾಗಿಲು ತೆರೆದಿರಲಿಲ್ಲ. ಅಪ್ಪ ಗಂಜಿ ಮುಟ್ಟಿರಲಿಲ್ಲ. "ಅವನು ಉಂಡನಾ?" — ಅದೊಂದೇ ಪ್ರಶ್ನೆ.

ಇವತ್ತು ತಮ್ಮನೇ ಬಂದು ನನ್ನ ಕೈಯಿಂದ ಲೋಟ ತಗೊಂಡ. ಕುಡಿಸಿದ. ಲೋಟ ಅಪ್ಪನ ಕೈಗಿಟ್ಟು: "ಅವನಿಗೆ ಎಪ್ಪತ್ತು. ನಿಂಗೆ ತೊಂಬತ್ತೊಂದು. ಅಣ್ಣ ಅಂದ್ಯಲ್ಲ ಅಪ್ಪ."

"ಎಪ್ಪತ್ತು ಅವನಿಗೆ ಕಣೋ. ಅವನ ಹಳ್ಳಿಗೆ ಎಷ್ಟಾಯ್ತು, ಲೆಕ್ಕ ಹಾಕು." ಆಮೇಲೆ: "ಸಕ್ಕರೆ ಕಮ್ಮಿ."

ಹೊರಗೆ ಸದ್ದು. ಕಿಟಕಿಯಿಂದ ಕಾಣುತ್ತಿದೆ — ಅಮಾಎಕೆಯವರು, ಕೋಲಾ ತಟ್ಟೆ ಹಿಡಿದು. ಅಪ್ಪನನ್ನು ನೋಡಲು. ಮುಂದೆ ಇರುವವನು ಅವರ ಕಡೆಯಿಂದ ಪಟ್ಟಕ್ಕೆ ನಿಲ್ಲುವವನು, ಇನ್ನೂ ಮೂವತ್ತಾಗಿಲ್ಲ. ಚಿಕೆಲುಬ ನನಗಿಂತ ಮುಂಚೆ ಎದ್ದ. ಬಾಗಿಲಿಗೆ ಅವನೇ ಹೋಗುತ್ತಿದ್ದಾನೆ. ಐವತ್ತರ ಇವನು ಆ ಹುಡುಗನನ್ನು ಏನಂತ ಕರೀತಾನೋ... ಅಪ್ಪ ಲೋಟ ಪಕ್ಕಕ್ಕಿಟ್ಟು ಕಿವಿ ಆ ಕಡೆ ಕೊಟ್ಟಿದ್ದಾನೆ. ತಮ್ಮ ಚಿಲಕ ತೆಗೆದ, ಬಾಯಿ ತೆರೆದ —