ಗೋಡೆಯಿಂದ ತೆಗೆದ ಫೋಟೊ

ಮಥಾರೆ, ನೈರೋಬಿ
ಆಗಸ್ಟ್ 13, 2019, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಆ ಮನೆಯವರು ಈಗಲಾದರೂ ಹೊಟ್ಟೆತುಂಬ ಉಣ್ಣಲು ಬಿಡುತ್ತಾರಾ? ಪತ್ರ ಅಂದಮೇಲೆ ಕೇಳಬೇಕಲ್ಲ ಎಂದು ಕೇಳುತ್ತಿಲ್ಲ, ಒಂದೊಂದಕ್ಕೂ ನನಗೆ ಉತ್ತರ ಬೇಕು. ನೀನು ಕೊನೆಯ ಸಲ ಫೋನ್ ಮಾಡಿದ್ದು ಜೂನ್ ತಿಂಗಳ ಎರಡನೇ ಭಾನುವಾರ. "ಮೇಡಮ್ ಬಂದ್ರು ಕಣೇ, ಆಮೇಲೆ ಮಾಡ್ತೀನಿ" ಅಂದೆ. ಅವತ್ತಿನಿಂದ ಕಾಯುತ್ತಿದ್ದೇನೆ. ನಿನ್ನ ನಂಬರಿಗೆ ಹಚ್ಚಿದರೆ ರೆಕಾರ್ಡಿನ ಯಾವಳೋ ಒಬ್ಬಳು ಅರಬ್ಬಿಯಲ್ಲಿ ಪ್ರತಿ ಸಲ ಅದೇ ಮಾತು ಹೇಳುತ್ತಾಳೆ. ಅವಳ ದನಿ ಎಷ್ಟು ನಯವಾಗಿದೆ ಎಂದರೆ ಕಪಾಳಕ್ಕೆ ಬಾರಿಸಬೇಕು ಅನಿಸುತ್ತದೆ. ನಿನ್ನನ್ನು ಕಳಿಸಿಕೊಟ್ಟ ಏಜೆಂಟನ ಆಫೀಸಿಗೆ ನಾಂಜಾಲಾ ಚಿಕ್ಕಮ್ಮ ಮೂರು ಸಲ ಹೋಗಿ ಬಂದಳು. ಮೂರನೇ ಸಲ ಅಲ್ಲಿ ಬೋರ್ಡೇ ಇರಲಿಲ್ಲವಂತೆ.

ಈ ಪತ್ರವನ್ನು ರೆಹೆಮಾ ಅತ್ತೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ರಜಕ್ಕೆ ಬಂದಿದ್ದವಳು ಇವತ್ತು ಸಂಜೆಯ ವಿಮಾನಕ್ಕೆ ಜೆದ್ದಾಕ್ಕೆ ವಾಪಸ್ಸು ಹೊರಟಿದ್ದಾಳೆ. ನಿಮ್ಮಿಬ್ಬರ ಬೀದಿಯ ಮೂಲೆಯಲ್ಲಿ ಕಸದ ಡ್ರಮ್ಮಿನ ಹತ್ತಿರ ಬೆಳಿಗ್ಗೆ ಬೆಳಿಗ್ಗೆ ನೀವು ಸಿಕ್ಕಿ ಮಾತಾಡುತ್ತಿದ್ದಿರಂತೆ. ಆ ಎರಡು ನಿಮಿಷಕ್ಕಾಗಿ ನೀನು ಬೇಕೆಂದೇ ಕಸವನ್ನು ಎರಡು ಚೀಲ ಮಾಡಿ ಎರಡು ಸಲ ತರುತ್ತಿದ್ದೆಯಂತೆ. ಅದನ್ನು ಕೇಳಿ ನಕ್ಕುಬಿಟ್ಟೆ, ಅದು ನೀನೇ ಸರಿ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಜೂನ್ ಕಳೆದಮೇಲೆ ನಿನ್ನ ಮನೆಯ ಕಸ ತರುತ್ತಿರುವುದು ಬೇರೆ ಯಾವುದೋ ಹುಡುಗಿ. ಕೇಳಿದರೆ ಬಾಯಿ ಬಿಡುವುದಿಲ್ಲ, ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಾಳೆ. ಅವತ್ತಿನಿಂದ ನನಗೆ ಅನ್ನ ನೀರು ಸೇರುತ್ತಿಲ್ಲ.

ಅಮ್ಮಾ, ಇಲ್ಲಿ ನಾನೊಂದು ದೊಡ್ಡ ಎಡವಟ್ಟು ಮಾಡಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡ ಅನ್ನುವುದಿಲ್ಲ, ಮಾಡಿಕೋ. ಆದರೆ ಪೂರ್ತಿ ಓದು. ಮೇ ತಿಂಗಳಲ್ಲಿ ಹೇಳಿದ್ದೆನಲ್ಲ, ಶಾಲೆಯ ನಾಟಕ ನೋಡಿ ಸಿನಿಮಾದವರು ನನ್ನನ್ನು ಆರಿಸಿದ್ದಾರೆ ಅಂತ. "ಪರೀಕ್ಷೆ ಬಿಟ್ಟು ಕುಣಿಯೋಕ್ ಹೋಗ್ತೀಯಾ" ಎಂದು ಬೈದು, ಆಮೇಲೆ ದನಿ ತಗ್ಗಿಸಿ "ಹೀರೋಯಿನ್ನೇನೇ?" ಎಂದು ಕೇಳಿದೆಯಲ್ಲ. ಹೌದಮ್ಮ, ಹೀರೋಯಿನ್ನೇ. ಸಿನಿಮಾ ಪೂರ್ತಿ ನಮ್ಮ ಸ್ವಾಹಿಲಿಯಲ್ಲೇ ಇದೆ. ರೇಡಿಯೋದಲ್ಲಿ ಓದುವ ಸ್ವಾಹಿಲಿಯಲ್ಲ, ನಲ್ಲಿಯ ಹತ್ತಿರ ಜಗಳವಾಡುವ ಸ್ವಾಹಿಲಿ. ನನ್ನ ಪಾತ್ರದ ಹೆಸರು ಸಿಫಾ. ತಾಯಿ ಸತ್ತಮೇಲೆ ಈ ಓಣಿಯಲ್ಲಿ ಒಬ್ಬಳೇ ಬೆಳೆದು ದೊಡ್ಡವಳಾಗುವ ಹುಡುಗಿ. ಡೈರೆಕ್ಟರ್ ಮಕೆನಾ ಅಕ್ಕ ತಾನೂ ಇಂಥದೇ ಓಣಿಯಲ್ಲಿ ಹುಟ್ಟಿದವಳಂತೆ. ಕೆಟ್ಟವಳಲ್ಲ. ನೀನು ಅವಳನ್ನು ಬೈಯುವ ಮೊದಲೇ ಇದನ್ನು ಹೇಳಿಬಿಡುತ್ತೇನೆ.

ಆಗಸ್ಟ್ ಒಂದು, ಗುರುವಾರ, ಸಾವಿನ ಮನೆಯ ದೃಶ್ಯ. ಚರ್ಚಿನ ಪಕ್ಕದ ಬಯಲಲ್ಲಿ ಟಾರ್ಪಾಲು ಕಟ್ಟಿ, ಬೆಂಚು ಹಾಕಿ, ಬಡಗಿಯಿಂದ ಪೆಟ್ಟಿಗೆ ತಂದು ಇಟ್ಟು ಹೂವು ಹಾಕಿದ್ದರು. ಪೆಟ್ಟಿಗೆಯ ಮುಂದಿನ ಮೇಜಿನ ಮೇಲೆ ಸತ್ತ ತಾಯಿಯ ಫೋಟೊ ಬೇಕು. ಅವರು ತಂದಿದ್ದ ಫೋಟೊದ ಮೇಲೆ ಯಾರೋ ಚಹಾ ಚೆಲ್ಲಿದರು. ನನಗೋ ಬೆಳಗಿನಿಂದ ಅಳುವೇ ಬರುತ್ತಿರಲಿಲ್ಲ. ಏಳು ಸಲ ತೆಗೆದರು, ಏಳು ಸಲವೂ ನಾನು ಹಲ್ಲುನೋವು ಬಂದವಳ ಹಾಗೆ ಮುಖ ಮಾಡಿದೆ. ಎಲ್ಲರಿಗೂ ನನ್ನ ಮೇಲೆ ಬೇಸರ ಬಂದಿತ್ತು. ನಾಚಿಕೆಯಾಗಿ, "ನನ್ನ ಹತ್ರ ಒಂದು ಫೋಟೊ ಇದೆ" ಅಂದೆ. ಯಾರೂ ಕೇಳಿರಲಿಲ್ಲ, ನಾನೇ ಅಂದೆ. ಓಡಿ ಬಂದು ಗೋಡೆಯ ಮೇಲಿಂದ ನಿನ್ನ ಹಳದಿ ಅಂಗಿಯ ಫೋಟೊ ತೆಗೆದುಕೊಂಡು ಹೋದೆ. ಅದು ನೀನು ಹೊರಡುವ ವಾರ ಸ್ಟುಡಿಯೋದಲ್ಲಿ ಜಲಪಾತದ ಪರದೆಯ ಮುಂದೆ ನಿಂತು ತೆಗೆಸಿದ್ದು. ನಾಂಜಾಲಾ ಚಿಕ್ಕಮ್ಮ ಕೆಲಸಕ್ಕೆ ಹೋಗಿದ್ದಳು. ಇದ್ದಿದ್ದರೆ ನನ್ನ ಕೈ ಮುರಿಯುತ್ತಿದ್ದಳು.

ಎಂಟನೇ ಸಲ ಕ್ಯಾಮೆರಾ ಓಡುತ್ತಿರುವಾಗಲೇ ಓಣಿಯ ಮಕ್ಕಳೆಲ್ಲ ತಾಯಿಯೆಂದೇ ಕರೆಯುವ ತರಕಾರಿಯ ಮಾಮಾ ಟಾಬು ಬುಟ್ಟಿ ಹೊತ್ತು ಆ ದಾರಿಯಲ್ಲಿ ಬಂದಳು. ಅವಳು ನಿಮ್ಮ ಊರಿನ ಕಡೆಯವಳು, ನೀನು ಲಂಗ ಹಾಕುವ ಕಾಲದಿಂದ ನಿನ್ನನ್ನು ಬಲ್ಲವಳು. ಪೆಟ್ಟಿಗೆ ನೋಡಿದಳು, ನಿನ್ನ ಫೋಟೊ ನೋಡಿದಳು, ತಲೆ ತಗ್ಗಿಸಿ ಕೂತ ನನ್ನನ್ನು ನೋಡಿದಳು. ಬುಟ್ಟಿ ಅಲ್ಲೇ ಬಿತ್ತು. "ಅಯ್ಯೋ ನೆಲಿಮಾ! ಪೆಟ್ಟಿಗೇಲಿ ಬಂದ್ಯೇನೇ ನನ್ನವ್ವ! ಆ ಮರಳುಗಾಡು ನಿನ್ನೂ ನುಂಗ್ತೇನೇ!" ಎಂದು ಎದೆ ಬಡಿದುಕೊಂಡು ನೆಲಕ್ಕೆ ಬಿದ್ದು ಹೊರಳಿದಳು. ಕಳೆದ ವರ್ಷ ಕೆಳಗಿನ ಓಣಿಯ ಪೆಂಡೋ ಸೌದಿಯಿಂದ ಹಾಗೇ ಪೆಟ್ಟಿಗೆಯಲ್ಲಿ ಬಂದಿದ್ದನ್ನು ಅವಳೂ ನೋಡಿದ್ದಳಲ್ಲ, ಅನುಮಾನ ಯಾಕೆ ಬರಬೇಕು?

ಇಲ್ಲಿಯವರೆಗೂ ಯಾರಿಗೂ ಹೇಳದ ಮಾತು ಈಗ ಹೇಳುತ್ತೇನೆ. ಮಕೆನಾ ಅಕ್ಕನಿಗೆ ನಿನ್ನ ಹೆಸರು ಗೊತ್ತಿರಲಿಲ್ಲ. ಯಾರೋ ಓಣಿಯ ಹೆಂಗಸು ಹುಮ್ಮಸ್ಸಿನಿಂದ ನಟಿಸುತ್ತಿದ್ದಾಳೆ ಎಂದುಕೊಂಡು, ನಿಲ್ಲಿಸಬೇಡಿ ಎಂದು ಕೈಸನ್ನೆ ಮಾಡಿದಳು. ಆದರೆ ನನಗೆ ಗೊತ್ತಿತ್ತು. ಅದು ನಟನೆಯಲ್ಲ ಎಂದು ಮೊದಲ ಕೂಗಿಗೇ ಗೊತ್ತಾಯಿತು. ಎದ್ದು ಹೋಗಿ "ಮಾಮಾ, ಇದು ಸಿನಿಮಾ" ಅನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದರೆ ಅವಳು ನಿನ್ನ ಹೆಸರು ಹಿಡಿದು ಕೂಗಿದ್ದೇ ತಡ, ಬೆಳಗಿನಿಂದ ಬಾರದ ಅಳು ನನಗೆ ಬಂತು. ಎರಡು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಲ್ಲ ಬಂತು. ಅಳುತ್ತ ಅಳುತ್ತಲೇ, ಈ ಸಲ ಚೆನ್ನಾಗಿ ಬರುತ್ತಿದೆ, ಯಾರೂ ಅಡ್ಡ ಬರದಿರಲಿ ಎಂದುಕೊಂಡೆ. ಅಮ್ಮಾ, ನಾನು ಹಾಗೆ ಅಂದುಕೊಂಡೆ. ಕಟ್ ಅಂದಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮಾಮಾ ಟಾಬುವನ್ನು ಯಾರೋ ಎಬ್ಬಿಸಿ ಕರೆದುಕೊಂಡು ಹೋಗಿದ್ದರು. ಸಂಜೆ ಹೇಳಿದರಾಯಿತು ಎಂದು ನಾನು ಉಗಾಲಿ ಮುದ್ದೆ ಉಂಡು, ಹೊಗಳಿಸಿಕೊಳ್ಳುತ್ತ ಕೂತೆ.

ಸಂಜೆ ಹುಡುಕಿಕೊಂಡು ಹೋಗುವ ಹೊತ್ತಿಗೆ ಅವಳು ಊರಿಗೆ ಫೋನ್ ಮಾಡಿಬಿಟ್ಟಿದ್ದಳು. ಪೆಟ್ಟಿಗೆ ಬಂದಿದೆ, ಬೆಳಗಿನ ಬಸ್ಸಿಗೆ ಊರು ಮುಟ್ಟುತ್ತದೆ ಎಂದು. ನಾನು ನಿನ್ನ ತಮ್ಮ ಮಸಿಂಡೆ ಮಾವನಿಗೆ ಹಚ್ಚಿದರೆ ಅವನ ಫೋನ್ ಸತ್ತಿತ್ತು. ಮರುದಿನ ಹತ್ತು ಗಂಟೆಗೆ ಸಿಕ್ಕಿದ. ಅಷ್ಟರಲ್ಲಿ ಅವನೂ ನಾಲ್ಕು ಜನವೂ ಮನೆಯ ಎಡಗಡೆ, ಬಾಳೆಯ ಪಕ್ಕ, ಗುಂಡಿ ತೋಡಿ ಮುಗಿಸಿ ಕೈಕಾಲು ತೊಳೆಯುತ್ತಿದ್ದರಂತೆ. ಸಿನಿಮಾ ಎಂದು ನಾನು ವಿವರಿಸಿದೆ. ಆಮೇಲೆ, "ಹಾಗಾದ್ರೆ ಅಕ್ಕ ಎಲ್ಲಿ? ಕರೆದು ಮಾತಾಡಿಸು, ಕೇಳಿಬಿಡ್ತೀವಿ" ಅಂದ. ಜೂನಿನಿಂದ ನೀನು ಸಿಗುತ್ತಿಲ್ಲ ಅಂದೆ. ಎಲ್ಲರೂ ಸರದಿಯಲ್ಲಿ ನಿನ್ನ ನಂಬರಿಗೆ ಹಚ್ಚಿ ಆ ಅರಬ್ಬಿಯವಳ ಮಾತು ಕೇಳಿದರು. ನಾನು ಸುಳ್ಳು ಮಾಡಿದ ಸಾವು ಅವತ್ತು ಮಧ್ಯಾಹ್ನದ ಹೊತ್ತಿಗೆ ಅರ್ಧ ನಿಜವಾಗಿತ್ತು.

ತೋಡಿದ ಗುಂಡಿಯನ್ನು ಬಾಯಿ ತೆರೆದು ಬಿಡಬಾರದು, ಬಿಟ್ಟರೆ ಅದು ಮನೆಯವರಲ್ಲೇ ಒಬ್ಬರನ್ನು ಕೇಳುತ್ತದೆ ಎಂದು ಹಿರಿಯರು ಪಟ್ಟು ಹಿಡಿದಿದ್ದಾರೆ. ದೇಹ ಸಿಗದವರಿಗೆ ಮಾಡುವಂತೆ ನಿನ್ನ ಹೆಸರು ಹೇಳಿ ಬಾಳೆದಿಂಡು ಹಾಕಿ ಮುಚ್ಚೋಣ, ಅವಳು ಬದುಕಿ ಬಂದರೆ ಒಳ್ಳೆಯದೇ ಆಯಿತು ಅನ್ನುತ್ತಾರೆ. ಅಜ್ಜಿ ಕೋಲು ಎತ್ತಿಕೊಂಡು ಬಂದಳಂತೆ. "ದಿಂಡು ಹಾಕಿದ್ರೆ ನನ್ನ ಮಗಳನ್ನ ಜೀವಂತ ಹೂತ ಹಾಗೆ. ಯಾವನಾದ್ರೂ ಬಾಳೆಗೆ ಕತ್ತಿ ಇಟ್ಟರೆ ಅದೇ ಕತ್ತಿ ನನ್ನ ಕುತ್ತಿಗೆಗೂ ಇಡಲಿ" ಅಂದಳಂತೆ. ಅವತ್ತಿನಿಂದ ಗುಂಡಿಯ ಮೇಲೆ ತಗಡು ಮುಚ್ಚಿ, ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂತಿದ್ದಾಳೆ. ನಾನು ಶನಿವಾರ ಬಸ್ಸು ಹತ್ತಿ ಹೋಗಿದ್ದೆ, ಕಾಲಿಗೆ ಬಿದ್ದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕೆನ್ನೆ ಮುಟ್ಟಿ, "ನಿಮ್ಮಮ್ಮನ ಹಾಗೇ ಇದ್ದೀಯ, ಮೂಳೆ ಎದ್ದು ಕಾಣ್ತಿದೆ, ತಿನ್ನಲ್ವಾ?" ಅಂದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಹಿರಿಯರು ಬರುವ ಶನಿವಾರದವರೆಗೆ ಗಡುವು ಕೊಟ್ಟಿದ್ದಾರೆ, ಅಷ್ಟರೊಳಗೆ ನಿನ್ನ ದನಿ ಕೇಳದಿದ್ದರೆ ದಿಂಡು ಹಾಕಿ ಮುಚ್ಚುತ್ತಾರೆ. ಮಕೆನಾ ಅಕ್ಕನಿಗೆ ಎಲ್ಲ ಹೇಳಿದೆ, ನಾನು ಗೊತ್ತಿದ್ದೂ ಸುಮ್ಮನಿದ್ದದ್ದೊಂದನ್ನು ಬಿಟ್ಟು. ಅವಳು ಅತ್ತಳು. ಆ ದೃಶ್ಯವನ್ನು ಕಿತ್ತು ಹಾಕುತ್ತೇನೆ ಅಂದಳು. ಅದಿಲ್ಲದೆ ಸಿನಿಮಾಕ್ಕೆ ಜೀವವೇ ಇಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅಮ್ಮ ಬಂದು ನೋಡಿ ಹೇಳಲಿ, ಇಡಬೇಕೋ ತೆಗೀಬೇಕೋ ಅವಳೇ ಹೇಳಲಿ ಅಂದೆ. ಫೋಟೊ ಮತ್ತೆ ಗೋಡೆಗೆ ಹಾಕಿದ್ದೇನೆ. ನಾಂಜಾಲಾ ಚಿಕ್ಕಮ್ಮ ಅದರ ಮುಂದೆ ಹಾಯುವಾಗ ಆ ಕಡೆ ನೋಡುವುದಿಲ್ಲ, ನನ್ನ ಕಡೆಯೂ ನೋಡುವುದಿಲ್ಲ.

ರೆಹೆಮಾ ಅತ್ತೆ ಬೆಳಿಗ್ಗೆ ಕಸದ ಡ್ರಮ್ಮಿನ ಹತ್ತಿರ ಕಾಯುತ್ತಾಳೆ. ನೀನು ಬಾರದಿದ್ದರೆ ಆ ಹುಡುಗಿಯ ಕೈಗೆ ಈ ಪತ್ರ ಕೊಡುತ್ತಾಳೆ. ಆ ಹುಡುಗಿಗೂ ಒಬ್ಬ ತಾಯಿ ಇರಬೇಕಲ್ಲ. ಚಿಕ್ಕಮ್ಮ, ಮಾಮಾ ಟಾಬು, ಓಣಿಯ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಮಾಮಾ ಟಾಬು ಮಾತ್ರ, "ನಾನು ಅತ್ತಿದ್ದು ಅವಳಿಗೆ ಹೇಳಬೇಡ, ಅಪಶಕುನ" ಅಂದಳು. ಹೇಳಿಬಿಟ್ಟೆ. ದೇವರು ನಿನ್ನನ್ನು ಕಾಯಲಿ.

ನಿನ್ನ ಮಗಳು,
ನಾಸಿಮಿಯು

ಮರೆಯುವ ಮೊದಲು: ರೆಹೆಮಾ ಅತ್ತೆಯ ಟ್ಯಾಕ್ಸಿ ಬಂದು ನಿಂತಿದೆ, ಡ್ರೈವರು ಹಾರ್ನ್ ಹೊಡೆಯುತ್ತಿದ್ದಾನೆ. ಈಗಷ್ಟೇ ಮಸಿಂಡೆ ಮಾವ ಫೋನ್ ಮಾಡಿದ. ಹಿರಿಯರು ಗಡುವಿಗೂ ಕಾಯದೆ ಬೆಳಿಗ್ಗೆ ದಿಂಡು ಕಡಿದು ತಂದರಂತೆ. ಅಜ್ಜಿ ತಗಡು ಸರಿಸಿ ತಾನೇ ಗುಂಡಿಗೆ ಇಳಿದು ಕೂತುಬಿಟ್ಟಿದ್ದಾಳೆ. ಇದಕ್ಕೆ ಯಾರಾದರೂ ಬೇಕೇ ಬೇಕಾದರೆ ನಾನಿದ್ದೇನೆ, ನಾನೇ ಹಿರಿಯಳು ಅನ್ನುತ್ತಿದ್ದಾಳಂತೆ. ಯಾರು ಕೈ ಕೊಟ್ಟರೂ ಹಿಡಿಯುತ್ತಿಲ್ಲ. ಊಟ ಇಳಿಸಿದರೆ ತಿನ್ನುತ್ತಿಲ್ಲ. ಅಮ್ಮಾ, ರೆಹೆಮಾ ಅತ್ತೆಯ ಫೋನಿನಲ್ಲಿ ಮಾವನ ನಂಬರು ಹಾಕಿಕೊಟ್ಟಿದ್ದೇನೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. ಮಾವ ಫೋನನ್ನು ಗುಂಡಿಯ ಬಾಯಿಗೆ ಹಿಡಿಯುತ್ತಾನೆ. ಹೆಚ್ಚೇನೂ ಹೇಳಬೇಡ, "ಅವ್ವಾ, ಮೇಲೆ ಬಾ" ಅನ್ನು.