ಜರ್ಮನಿಯಲ್ಲಿಲ್ಲದ ಮಗ

ಕೇಟಿ, ಟೆಕ್ಸಸ್
ಡಿಸೆಂಬರ್ 16, 2007

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಫೋನಿನಲ್ಲಿ ನಿಮ್ಮ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ರೋಗಿಗಳಿಗೆಲ್ಲ ಬಿಸಿನೀರು ಕುಡಿಯಿರಿ ಎಂದು ಹೇಳುವ ಡಾಕ್ಟರು ತಾವು ಮಾತ್ರ ಕುಡಿಯುವುದಿಲ್ಲ ಎಂಬುದು ನನಗೆ ಗೊತ್ತು. ನಿಮ್ಮಮ್ಮ ಕಷಾಯದ ಪುಡಿ ಮಾಡಿಕೊಟ್ಟಿದ್ದಾರೆ, ಪಾರ್ಸೆಲ್‌ನಲ್ಲಿ ಕೋಡುಬಳೆ ಡಬ್ಬದ ಪಕ್ಕದಲ್ಲೇ ಇಟ್ಟಿದ್ದೇನೆ. ಕೋಡುಬಳೆಯನ್ನು ಎಲ್ಲರಿಗೂ ಹಂಚಿಬಿಡಬೇಡಿ. ಅಮ್ಮನ ಬಿ.ಪಿ. ಹತೋಟಿಯಲ್ಲಿದೆ, ಮಾತ್ರೆ ತಪ್ಪಿಸಿಲ್ಲ. ನಿಮ್ಮ ಮಗಳು ಶ್ರೇಯಾಗೆ ಗಣಿತದಲ್ಲಿ ಎ ಬಂದಿದೆ. ನಾನೂ ಚೆನ್ನಾಗಿದ್ದೇನೆ. ಹೊಸ ವರ್ಷದ ತನಕ ಫೋನ್ ಸಿಗುವುದು ಕಷ್ಟ ಎಂದಿದ್ದಿರಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ಇದನ್ನೆಲ್ಲ ಹೇಳಲು ನನ್ನಿಂದ ಆಗುತ್ತಿತ್ತೋ ಇಲ್ಲವೋ.

ನಿನ್ನೆ ನಾವು ಮೂವರೂ ಊರಿನ ಉತ್ತರಕ್ಕಿರುವ ಸೈನಿಕರ ಸ್ಮಶಾನಕ್ಕೆ ಹೋಗಿದ್ದೆವು. ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಒಂದು ಶನಿವಾರ ಅಲ್ಲಿನ ಸಮಾಧಿಗಳಿಗೆ ಪುಷ್ಪಚಕ್ರ ಇಡುವ ಕಾರ್ಯಕ್ರಮವಿತ್ತು. ಪುಷ್ಪಚಕ್ರ ಎಂದು ಹೆಸರಷ್ಟೇ, ಅದರಲ್ಲಿ ಒಂದು ಹೂವೂ ಇರುವುದಿಲ್ಲ. ಪೈನ್ ಮರದ ಹಸಿರು ರೆಂಬೆಗಳನ್ನು ದುಂಡಗೆ ಕಟ್ಟಿ, ಕೆಂಪು ರಿಬ್ಬನ್ ಹಾಕಿರುತ್ತಾರೆ. ಶ್ರೇಯಾಳ ಶಾಲೆಯಿಂದ ಮಕ್ಕಳು ವಾಲಂಟಿಯರ್ ಆಗಿ ಹೋಗುತ್ತಿದ್ದರು, ಡ್ರೈವ್ ಮಾಡಿಕೊಂಡು ಹೋಗಲು ನಾನು ಒಪ್ಪಿಕೊಂಡಿದ್ದೆ. ಅಮ್ಮನನ್ನು ಪಕ್ಕದ ಬೀದಿಯ ಅರವಿಂದರ ಮನೆಯಲ್ಲಿ ಬಿಟ್ಟು ಹೋಗಬೇಕೆಂದು ನನ್ನ ಲೆಕ್ಕಾಚಾರ. ನಾನು ಯಾಕೆ ಹಾಗೆ ಯೋಚಿಸಿದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರಿನಲ್ಲಿ ಅಮ್ಮ ಮೈಸೂರಿನಿಂದ ಬಂದಾಗ, ಎದೆಗೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಇರಾಕ್ ಎಂದು ಹೇಳುವುದು ಬೇಡ, ಜರ್ಮನಿಯ ಮಿಲಿಟರಿ ಆಸ್ಪತ್ರೆ ಎಂದೇ ಹೇಳೋಣ ಎಂದು ನಾವಿಬ್ಬರೂ ಕೂತು ತೀರ್ಮಾನಿಸಿದೆವು. ಅಂದಿನಿಂದ ಈ ಮನೆಯಲ್ಲಿ ನೀವು ಇರುವುದು ಜರ್ಮನಿಯಲ್ಲೇ. ಸೈನ್ಯದ ರಿಸರ್ವ್ ಪಡೆಗೆ ಸೇರುವಾಗ ತಿಂಗಳಿಗೊಂದು ವೀಕೆಂಡ್ ಅಷ್ಟೇ ಎಂದು ನನಗೆ ಹೇಳಿದವರಲ್ಲವೇ ನೀವು, ಸಮಾಧಾನದ ಸುಳ್ಳು ನಮ್ಮ ಮನೆಗೆ ಹೊಸದಲ್ಲ. ತಮಾಷೆಗೆ ಬರೆದೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮ ಬರುವುದಿಲ್ಲ ಎಂದೇ ನಂಬಿದ್ದೆ. ನಮ್ಮ ಕಡೆ ಹೆಂಗಸರು ಸ್ಮಶಾನದ ಬಾಗಿಲಿಗೂ ಹೋಗುವವರಲ್ಲವಲ್ಲ. ಆದರೆ ಬೆಳಿಗ್ಗೆ ನೋಡಿದರೆ ಸೀರೆಯ ಮೇಲೆ ನಿಮ್ಮ ಹಳೆಯ ಕಂದು ಜಾಕೆಟ್ ಹಾಕಿಕೊಂಡು, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ, ತಲೆಗೆ ಮಫ್ಲರ್ ಸುತ್ತಿಕೊಂಡು ಸೋಫಾದ ತುದಿಯಲ್ಲಿ ಸಿದ್ಧವಾಗಿ ಕೂತಿದ್ದಾರೆ! "ಹೋದವರಿಗೆ ಒಂದು ಹಾರ ಹಾಕೋಕೆ ಗಂಡಸರೇ ಆಗಬೇಕಾ? ಬಂದು ತಲೆಗೆ ಸ್ನಾನ ಮಾಡಿದ್ರಾಯ್ತು" ಎಂದುಬಿಟ್ಟರು. ನಿಮ್ಮಮ್ಮ ಒಮ್ಮೆ ನಿರ್ಧಾರ ಮಾಡಿದ ಮೇಲೆ ಏನಾಗುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಉತ್ತರದ ಗಾಳಿ ಜೋರಾಗಿ ಬೀಸುತ್ತಿತ್ತು. ಎಷ್ಟು ದೂರ ಕಣ್ಣು ಹಾಯಿಸಿದರೂ ಸಾಲು ಸಾಲಾಗಿ ಕಲ್ಲುಗಳು. ಲಾರಿಯಿಂದ ಇಳಿಸಿದ ಚಕ್ರಗಳ ಹಸಿ ಪೈನ್ ವಾಸನೆ ಮೈದಾನಕ್ಕೆಲ್ಲ ಹಬ್ಬಿತ್ತು. ಅಲ್ಲಿದ್ದ ಒಬ್ಬ ಮುದುಕರು, ಅವರೂ ಹಿಂದೆ ಸೈನ್ಯದಲ್ಲಿದ್ದವರಂತೆ, ಮಕ್ಕಳಿಗೆಲ್ಲ ಕ್ರಮ ಹೇಳಿಕೊಟ್ಟರು: ರಿಬ್ಬನ್ ಮೇಲ್ಗಡೆ ಬರುವಂತೆ ಇಡಿ, ಕಲ್ಲಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ, ಒಂದು ಗಳಿಗೆ ನಿಂತು ಮುಂದೆ ಹೋಗಿ. ಶ್ರೇಯಾ ಓದುತ್ತಿದ್ದಳು, ಅಮ್ಮ ತಮ್ಮ ಮೈಸೂರಿನ ನಾಲಿಗೆಗೆ ಒಗ್ಗಿಸಿಕೊಂಡು ಅದನ್ನೇ ಮತ್ತೆ ಹೇಳುತ್ತಿದ್ದರು. ವಿಲಿಯಮ್ಸ್ ಎಂಬವರು ವಿಲಿಯಮ್ಸಪ್ಪ ಆದರು. "ಎಷ್ಟು ವಯಸ್ಸಾಗಿತ್ತು ನೋಡು" ಎಂದು ಪ್ರತಿ ಕಲ್ಲಿನ ಮುಂದೆಯೂ ಒತ್ತಾಯ. ಆ ಸಾಲಿನಲ್ಲಿದ್ದವರೆಲ್ಲ ಹಳೆಯ ಯುದ್ಧದಿಂದ ಮನೆಗೆ ಮರಳಿ, ಎಂಬತ್ತು ದಾಟಿ ತೀರಿಕೊಂಡವರು. "ಮೊಮ್ಮಕ್ಕಳನ್ನು ಕಂಡು ಹೋಗಿದ್ದಾನೆ ಪುಣ್ಯಾತ್ಮ" ಎಂದು ಅಮ್ಮ ಕೈ ಮುಗಿಯುವರು. ನನಗೂ ಸ್ವಲ್ಪ ಧೈರ್ಯ ಬಂತು.

ಆಮೇಲೆ ನಮ್ಮನ್ನು ಹೊಸ ಭಾಗಕ್ಕೆ ಕಳಿಸಿದರು. ಅಲ್ಲಿ ಕೆಲವು ಕಡೆ ಹುಲ್ಲು ಇನ್ನೂ ಪೂರ್ತಿ ಕೂಡಿಕೊಂಡಿರಲಿಲ್ಲ. ಕಲ್ಲುಗಳ ಬುಡದಲ್ಲಿ ಬಲೂನು, ಬೇಸ್‌ಬಾಲ್ ಟೋಪಿ, ಮಗುವೊಂದು ಬರೆದ ಚಿತ್ರ. ಒಂದು ಕಲ್ಲಿನ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಒಬ್ಬ ಹೆಂಗಸು ಕೂತಿದ್ದರು. ಗಾರ್ಸಾ ಎಂದು ಅವರ ಹೆಸರು. ಮಗನ ಸಮಾಧಿ. ಅವರು ನಮ್ಮನ್ನು ನೋಡಿ ನಕ್ಕು, ನೀವೇ ಇಡಿ ಎಂದು ಶ್ರೇಯಾಗೆ ಕೈ ತೋರಿಸಿದರು. ಅವಳು ಓದತೊಡಗಿದಳು: ಆಂದ್ರೆಸ್ ಗಾರ್ಸಾ, ಹುಟ್ಟಿದ್ದು 1986, ತೀರಿಕೊಂಡದ್ದು 2006. ಅದರ ಕೆಳಗಿನ ಸಾಲು ನನ್ನ ಕಣ್ಣಿಗೂ ಬಿತ್ತು. ಸಾಕು ಎಂದು ಸನ್ನೆ ಮಾಡಿದೆ. ಮಗು ಅರ್ಧಕ್ಕೇ ನಿಲ್ಲಿಸಿತು.

"ಯಾಕೆ ನಿಲ್ಲಿಸ್ದೆ? ಪೂರ್ತಿ ಓದು" ಎಂದರು ಅಮ್ಮ.

ಶ್ರೇಯಾ ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಓದಿದಳು. ಇರಾಕ್. ಅಮ್ಮನೂ ಮೆಲ್ಲಗೆ "ಇರಾಕ್" ಎಂದರು, ಬೇರೆ ಹೆಸರುಗಳನ್ನು ಹೇಳಿದ ಹಾಗೆಯೇ. ಆಮೇಲೆ, ಮಂಡಿ ನೋವು ಎಂದು ಪೂಜೆಗೂ ಸ್ಟೂಲಿನ ಮೇಲೆ ಕೂರುವ ನಿಮ್ಮಮ್ಮ, ಆ ಒದ್ದೆ ಹುಲ್ಲಿನ ಮೇಲೆ ಗಾರ್ಸಾ ಅವರ ಕುರ್ಚಿಯ ಪಕ್ಕದಲ್ಲಿ ಕೂತುಬಿಟ್ಟರು. ಗಾರ್ಸಾ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮನೆಯಲ್ಲಿ ಎಷ್ಟು ಬೇಡಿಕೊಂಡರೂ ಕನ್ನಡದಲ್ಲಿ ಉತ್ತರ ಕೊಡದ ನಿಮ್ಮ ಮಗಳು ಆಗ ಹೇಳಿದಳು: "ಅಜ್ಜಿ, ಅವರು ಕೇಳ್ತಿದಾರೆ, ನಮ್ಮ ಮನೇಲಿ ಯಾರಾದ್ರೂ ಆರ್ಮಿಯಲ್ಲಿ ಇದಾರಾ ಅಂತ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು: "ಹೇಳು ಪುಟ್ಟಿ. ನನ್ನ ಮಗ ಪ್ರಹ್ಲಾದ ಅಲ್ಲೇ ಇದ್ದಾನೆ, ಇರಾಕ್‌ನಲ್ಲಿ. ಡಾಕ್ಟ್ರು ಅಂತ ಹೇಳು."

ರೀ, ಕೈಯಲ್ಲಿದ್ದ ಚಕ್ರವನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ, ಪೈನ್ ಎಲೆಗಳು ಚುಚ್ಚುತ್ತಿದ್ದದ್ದು ಮಾತ್ರ ನೆನಪಿದೆ. ಶ್ರೇಯಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರ್ ಎಂಬ ಮಾತು ಕೇಳಿ ಗಾರ್ಸಾ ಕುರ್ಚಿಯಿಂದ ಕೆಳಗಿಳಿದು ಅಮ್ಮನ ಎದುರಿಗೇ ಕೂತರು. ಅವರ ಮಗನಿಗೆ ಪೆಟ್ಟಾದ ಮೇಲೂ ಅರ್ಧ ದಿನ ಜೀವವಿತ್ತಂತೆ. ಕೊನೆಯ ತನಕ ಒಬ್ಬ ಡಾಕ್ಟರು ಪಕ್ಕದಲ್ಲೇ ಕೂತಿದ್ದರೆಂದು ಅವನ ಜೊತೆಯವರು ಬಂದು ಹೇಳಿದರಂತೆ. ಆ ಡಾಕ್ಟರ ಹೆಸರೂ ಅವರಿಗೆ ಗೊತ್ತಿಲ್ಲ. ಅಮ್ಮನ ಎರಡೂ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ಅಮ್ಮ ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈಯಿಂದ ಚಕ್ರ ತೆಗೆದುಕೊಂಡು, ರಿಬ್ಬನ್ ಸರಿಮಾಡಿ ಕಲ್ಲಿಗೆ ಒರಗಿಸಿ, "ಆಂದ್ರೇಸ, ಮಗೂ" ಎಂದರು. ಅಷ್ಟೇ.

ವಾಪಸು ಬರುವಾಗ ಬೆಲ್ಟ್‌ವೇ ಹೆದ್ದಾರಿಯಲ್ಲಿ ನಾನೇ ಅಮ್ಮನನ್ನು, ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. "ಜರ್ಮನಿಯಲ್ಲಿ ಇರೋನು ಒಂದು ಸಲನಾದ್ರೂ ಹಿಮ ಅನ್ನಬೇಡ್ವೇನೆ? ಬರೀ ಧೂಳು, ಧೂಳು ಅಂತಾನೆ. ನೀನೋ, ಟೀವಿಯಲ್ಲಿ ಆ ದೇಶದ ಸುದ್ದಿ ಬಂದ ತಕ್ಷಣ ಚಾನೆಲ್ ತಿರುಗಿಸ್ತೀಯ" ಎಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ. ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ನನ್ನನ್ನು ಕಾಪಾಡೋದು ನಿನಗೊಂದು ಕೆಲಸ ಆಗಿತ್ತು. ಅದೂ ಇಲ್ಲದಿದ್ರೆ ನೀನು ಇಡೀ ದಿನ ಏನು ಯೋಚಿಸ್ತಿದ್ದೆಯೋ ಅಂತ ಬಿಟ್ಟೆ." ನಾನು ಕಾರನ್ನು ಪಕ್ಕದ ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಬೇಕಾಯಿತು, ರಸ್ತೆ ಕಾಣಿಸುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಶ್ರೇಯಾ ಟಿಶ್ಯೂ ಡಬ್ಬ ಮುಂದೆ ಚಾಚಿದಳು.

ಮನೆಗೆ ಬಂದು ಮೂವರೂ ತಲೆಗೆ ಸ್ನಾನ ಮಾಡಿದೆವು. ಅಮ್ಮ ಮೆಣಸಿನ ಸಾರು ಮಾಡಿದರು. ಸಂಜೆ ಟೀವಿಯಲ್ಲಿ ಸುದ್ದಿ ಬಂದಾಗ ನನ್ನ ಕೈ ರಿಮೋಟಿನತ್ತ ಹೋಯಿತು, ಅಮ್ಮ ಅದನ್ನು ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಇಷ್ಟು ದಿನ ಆ ಸುದ್ದಿಯನ್ನು ಕಂಪ್ಯೂಟರಿನಲ್ಲಿ ಕದ್ದು ಓದುತ್ತಿದ್ದವಳು, ನಿನ್ನೆ ಅವರ ಭುಜಕ್ಕೆ ಒರಗಿಕೊಂಡು ನೋಡಿದೆ. ಭಯ ಹೋಯಿತು ಎಂದು ಹೇಳಲಾರೆ. ಆದರೆ ಒಬ್ಬಳೇ ಹೊರುತ್ತಿಲ್ಲ. ನೀವೂ ಇನ್ನು ಅಮ್ಮನ ಹತ್ತಿರ ಜರ್ಮನಿಯ ಕಥೆ ಹೇಳಬೇಕಾಗಿಲ್ಲ.

ಅಮ್ಮ ನಿಮ್ಮ ತಲೆ ಮುಟ್ಟಿ ಆಶೀರ್ವಾದ ಮಾಡಿದೆ ಎಂದು ಬರೆಯಲು ಹೇಳಿದ್ದಾರೆ. ಶ್ರೇಯಾ ಕನ್ನಡದಲ್ಲಿ "ಅಪ್ಪ" ಎಂದು ತಾನೇ ಬರೆದ ಚೀಟಿಯೊಂದು ಇದರೊಳಗಿದೆ. ಒತ್ತಕ್ಷರ ತಪ್ಪಾಗಿದೆ, ತಿದ್ದಬೇಡಿ. ಅರವಿಂದರು ನಮಸ್ಕಾರ ತಿಳಿಸಿದ್ದಾರೆ. ಹುಷಾರಾಗಿರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ,
ಶಕುಂತಲಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಜಾಗಕ್ಕೆ ಬರಬೇಕಾದ ಡಾಕ್ಟರು ಬರುತ್ತಿಲ್ಲ, ಇನ್ನೂ ಮೂರು ತಿಂಗಳು ಇರುತ್ತೀರಾ ಎಂದು ಕೇಳಿದ್ದಾರೆ, ಏನು ಹೇಳಲಿ ಎಂದು ಹೋದ ಸಲ ಕೇಳಿದಿರಿ. ನಾನು ಫೋನಿನಲ್ಲಿ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. "ಅವನ ಹೆಂಡತಿ ನೀನು, ನೀನೇ ಹೇಳು" ಎಂದು ನನಗೇ ಬಿಟ್ಟರು. ಅದಕ್ಕೇ ಹೇಳುತ್ತಿದ್ದೇನೆ: ಒಪ್ಪಿಕೊಳ್ಳಿ. ಆದರೆ ಮೂರೇ ತಿಂಗಳು. ನಾಲ್ಕನೆಯದನ್ನು ನನ್ನ ಹತ್ತಿರ ಕೇಳಬೇಡಿ.